ಸದ್ದು ಕಲಿಸುವ ಗದ್ದಲಮ್ಮ

ಎಂಆರ್‌ಐ ಕೋಣೆಯ ಆಯಾಳಿಗೆ ಆಸ್ಪತ್ರೆಯವರು ಗದ್ದಲಮ್ಮ ಎಂದು ಹೆಸರಿಟ್ಟಿದ್ದಾರೆ. ಇಪ್ಪತ್ತು ವರ್ಷ ನೇಯ್ಗೆ ಗಿರಣಿಯಲ್ಲಿ ದುಡಿದವಳು. ಯಾವ ಮಗ್ಗ ಕೆಡುವುದರಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳಂತೆ. ಗಿರಣಿಗೆ ಬೀಗ ಬಿದ್ದ ಮೇಲೆ ಇಲ್ಲಿ ನೆಲ ಒರೆಸಲು ಬಂದಳು. ಒರೆಸುತ್ತಾ ಒರೆಸುತ್ತಾ ಆ ಯಂತ್ರದ ಸದ್ದುಗಳನ್ನೆಲ್ಲ ಸರದಿ ತಪ್ಪದಂತೆ ಬಾಯಿಪಾಠ ಮಾಡಿಕೊಂಡಳು. ಓದಿದವರಿಗೆ ಅದು ಬರೀ ಗಲಾಟೆ, ಅವರಿಗೇನು ಗೊತ್ತು!

ಹೆದರಿದ ಮಕ್ಕಳನ್ನು ಡಾಕ್ಟರು ಅವಳ ಹತ್ತಿರವೇ ಕಳಿಸುತ್ತಿದ್ದರು. ಹಾಗೆ ಬಂದವಳು ಆರು ವರ್ಷದ ಒಬ್ಬ ಹುಡುಗಿ. ತಲೆಯೊಳಗೆ ಗಂಟು. ಶಸ್ತ್ರಚಿಕಿತ್ಸೆಗೆ ಮೊದಲು ಸ್ಪಷ್ಟ ಚಿತ್ರ ಬೇಕು, ಅದಕ್ಕೆ ಇಪ್ಪತ್ತು ನಿಮಿಷ ತಲೆ ಅಲುಗಬಾರದು. ಬೇರೆ ಮಕ್ಕಳಿಗಾದರೆ ಮದ್ದು ಕೊಟ್ಟು ಮಲಗಿಸುತ್ತಾರೆ. ಇವಳ ಹೃದಯ ಅದನ್ನು ತಾಳುವಂತಿರಲಿಲ್ಲ, ಎಚ್ಚರವಿದ್ದೇ ಆಗಬೇಕಿತ್ತು. ಹಿಂದಿನ ವಾರ ಎರಡೇ ನಿಮಿಷಕ್ಕೆ ಕಿರುಚಿಕೊಂಡಿದ್ದಳು.

ಗದ್ದಲಮ್ಮ ಅವಳನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ, ಯಂತ್ರದ ಕೊಳವೆಯ ಹಾಗೇ ಇಕ್ಕಟ್ಟಾಗಿದ್ದ ಬೆಂಚಿನ ಕೆಳಗೆ ಮಲಗಿಸಿದಳು.

"ಮೊದ್ಲು ಮರಕುಟಿಗ ಬರುತ್ತೆ. ಟಕ್ ಟಕ್ ಟಕ್. ಅದು ಹೋದ್ಮೇಲೆ ತಾತನ ಗೊರಕೆ, ಗುರ್ರ್. ಕೊನೆಗೆ ಪಾತ್ರೆ ತೊಳೆಯೋ ಅತ್ತೆ. ಮೂಗಿನ ತುದೀಲೇ ಕೋಪ ಅವಳಿಗೆ. ಢಣ ಢಣ ಢಣ!"

ಹುಡುಗಿ ಕಿಸಕ್ಕನೆ ನಕ್ಕಳು.

"ನಗೋದಾದ್ರೆ ಹೊಟ್ಟೇಲಿ ನಗು ಕಂದ, ತಲೆ ಅಲ್ಲಾಡಬಾರ್ದು."

ನಾಲ್ಕು ದಿನ ಇದೇ ಆಟ. ತಾಯಿಯೂ ಬೆಂಚು ಬಡಿದು ಬಡಿದು ಅಂಗೈ ಕೆಂಪು ಮಾಡಿಕೊಂಡಳು.

ಐದನೆಯ ದಿನ ಗದ್ದಲಮ್ಮ ತನ್ನ ಓಲೆ, ಬಳೆ, ಸೊಂಟದ ಬೀಗದ ಕೈ ಎಲ್ಲ ತೆಗೆದಿಟ್ಟು ಒಳಗೆ ಹೋಗಿ, ಮಗುವಿನ ಪಾದ ಹಿಡಿದು ನಿಂತಳು. ಮರಕುಟಿಗ ಬಂದು ಹೋಯಿತು. ತಾತ ಗೊರಕೆ ಹೊಡೆದ. ಅತ್ತೆ ಪಾತ್ರೆ ತೊಳೆದು ಮುಗಿಸಿದಳು. ಅಬ್ಬಾ ಎನ್ನುವಷ್ಟರಲ್ಲಿ ಕೀಂ ಕೀಂ ಕೀಂ ಎಂದು ಹೊಸದೊಂದು ಸದ್ದು! ಹೊರಗಿದ್ದ ಡಾಕ್ಟರು ಯಂತ್ರ ಓಡಿಸುವ ಟೆಕ್ನಿಷಿಯನ್ ಹತ್ತಿರ ಇನ್ನೊಂದು ಬಗೆಯ ಚಿತ್ರ ಕೇಳಿದ್ದರು. ಒಳಗಿನವರಿಗೆ ಹೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಗದ್ದಲಮ್ಮನೂ ಕೇಳದ ಸದ್ದು ಅದು. ಮಗುವಿನ ಕಾಲ್ಬೆರಳು ಮುದುಡಿದವು. ಕೂಗಿದರೆ ಮಗು ತಲೆ ಎತ್ತೀತು. ಪಾದದ ಮೇಲಿನ ಕೈ ತೆಗೆಯದೆ ನಾಲ್ಕು ನಿಮಿಷ ಕಲ್ಲಿನಂತೆ ನಿಂತಳು.

ಹೊರಗೆ ಡಾಕ್ಟರು ಪರದೆ ನೋಡುತ್ತಾ, "ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಸೋಮವಾರ ಆಪರೇಷನ್ ಮಾಡೋಣ" ಎಂದರು. ತಾಯಿ ಗೋಡೆಗೊರಗಿ ಅತ್ತೇಬಿಟ್ಟಳು.

"ಅಜ್ಜಿ, ಕೊನೇಲಿ ಬಂದಿದ್ದು ಯಾರು? ನೀನು ಹೇಳೇ ಇರ್ಲಿಲ್ಲ" ಎಂದಳು ಹುಡುಗಿ.

"ನಂಗೂ ಗೊತ್ತಿರ್ಲಿಲ್ಲ ಕಣೇ."

"ನೆಂಟ್ರಿರ್ಬೇಕು ಅಂತ ಸುಮ್ನೆ ಮಲಗಿದ್ದೆ."

ಗದ್ದಲಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಟೆಕ್ನಿಷಿಯನ್ ಮೇಲೆ ಹರಿಹಾಯ್ದಳು. "ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ? ಒಂದು ಮಾತು ಹೇಳೋಕಾಗ್ಲಿಲ್ವಾ?"

"ತಪ್ಪಾಯ್ತು ಅಕ್ಕ."

"ಯಂತ್ರ ಸರಿಯಿದ್ಯಾ ಅಂತ ನೋಡೋಕೆ ರೋಗಿ ಬದ್ಲು ಆ ನೀರಿನ ಚೆಂಡು ಇಡ್ತೀಯಲ್ಲ, ಅದನ್ನಿಟ್ಟು ಇನ್ನೊಂದ್ಸಲ ಓಡ್ಸು. ನಾನು ಕಲೀಬೇಕು."

ಅವನು ಓಡಿಸಿದ. ಅವಳು ಬಾಗಿಲ ಬಳಿ ಕಣ್ಣು ಮುಚ್ಚಿ ಕೂತು ಕೇಳಿಸಿಕೊಂಡಳು. ಹುಡುಗಿಯ ಆಪರೇಷನ್ ಚೆನ್ನಾಗಿಯೇ ಆಯಿತು. ಬೆಂಚಿನ ಕೆಳಗೆ ಮಲಗುವ ಮಕ್ಕಳಿಗೆ ಈಗ ಪಾಠ ಒಂದು ಸಾಲು ಉದ್ದವಾಗಿದೆ: "ಅತ್ತೆ ಪಾತ್ರೆ ತೊಳೆದ್ಮೇಲೆ ನೆಂಟ್ರು ಬಂದ್ರೂ ಬರಬಹುದು. ನೆಂಟ್ರ ಮುಂದೆ ಕುಣೀಬಾರ್ದು, ಆಯ್ತಾ?"