ವ್ಲಾಸ್ತಾ ತೊಳೆದ ಖಾಲಿ ಸೀಸೆ

ಇನ್ನೂ ಬೆಳಕು ಹರಿದಿಲ್ಲ. ಬರ್ನೋ ಪಟ್ಟಣದ ಅಂಚಿನ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ವ್ಲಾಸ್ತಾ ಕೌಟ್ನಾ ಕುಲುಮೆಯ ಬಾಗಿಲು ತೆರೆಯುತ್ತಾರೆ. ರಾತ್ರಿಯಿಡೀ ಕಾದು ಈಗ ತಣ್ಣಗಾದ ಗಾಜಿನ ಸೀಸೆಗಳು ಸಾಲಾಗಿ ನಿಂತಿವೆ. ಇಕ್ಕುಳದಿಂದ ಒಂದೊಂದರ ಕತ್ತು ಹಿಡಿದೆತ್ತಿ, ದೀಪಕ್ಕೆ ಒಡ್ಡಿ ನೋಡಿ, ಅದೇ ಕುಲುಮೆಯಲ್ಲಿ ಸುಟ್ಟ ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕುತ್ತಾರೆ. ಕೈಗೆ ಎರಡು ಜೊತೆ ಗವಸು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನ ಜೊತೆ ಮಾತಾಡುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ.

"ಬೇಜಾರು ಮಾಡ್ಕೋಬೇಡಿ. ಉಸಿರಲ್ಲೂ ಬೆಳಗಿನ ತಿಂಡಿ ಇರತ್ತೆ."

ಇಷ್ಟೆಲ್ಲ ಮಡಿ ಶನಿಗ್ರಹದ ಸುತ್ತ ತಿರುಗುವ ಎನ್ಸೆಲಾಡಸ್ ಎಂಬ ಪುಟ್ಟ ಚಂದ್ರನಿಗಾಗಿ. ಅದರ ಮೈಮೇಲೆ ಮಂಜುಗಡ್ಡೆ, ಒಳಗೆ ಕಡಲು. ಬಿರುಕುಗಳಿಂದ ಆ ಕಡಲ ನೀರು ಹಿಮದ ಕಣಗಳಾಗಿ ಆಕಾಶಕ್ಕೆ ಚಿಮ್ಮುತ್ತದೆ. ಮುಂದೊಂದು ದಿನ ನೌಕೆಯೊಂದು ಹೋಗಿ ಆ ಕಣಗಳನ್ನು ಹಿಡಿದರೆ, ಅದರಲ್ಲಿ ಜೀವದ ಗುರುತಿದೆಯೇ ಎಂದು ಹೇಳಬಲ್ಲ ಯಂತ್ರಕ್ಕೆ ಇಲ್ಲಿ ಪಾಠ ನಡೆಯುತ್ತಿದೆ. ಜೀವಿಗಳು ಕೊಬ್ಬನ್ನು ಕಟ್ಟುವಾಗ ಇಂಗಾಲವನ್ನು ಎರಡೆರಡಾಗಿ ಪೋಣಿಸುತ್ತವೆ. ಹಾಗಾಗಿ ಸಮಸಂಖ್ಯೆಯ ಸರಪಳಿಗಳೇ ಹೆಚ್ಚು. ಜೀವವಿಲ್ಲದ ಕಡೆ ಆ ಪಕ್ಷಪಾತವಿಲ್ಲ. ಯಂತ್ರದ ಪರದೆಯ ಮೇಲೆ ಒಂದು ಬಿಟ್ಟು ಒಂದು ಗೆರೆ ಬೇಲಿಗೂಟದ ಹಾಗೆ ಎದ್ದು ನಿಂತರೆ ಎಲ್ಲರ ಎದೆ ಹೊಡೆದುಕೊಳ್ಳುತ್ತದೆ.

ತೊಂದರೆಯೆಂದರೆ, ಬೆರಳಿನ ಜಿಡ್ಡಿನಲ್ಲೂ ಬೆಣ್ಣೆ ಸವರಿದ ಬ್ರೆಡ್ಡಿನಲ್ಲೂ ಇದೇ ಬೇಲಿ ಇದೆ. ಅದಕ್ಕೇ ಪ್ರತಿ ಪರೀಕ್ಷೆಯಲ್ಲೂ ಮೊದಲು ಒಂದು ಖಾಲಿ ಸೀಸೆಯನ್ನು ಯಂತ್ರಕ್ಕೆ ಕೊಡುತ್ತಾರೆ. ಅದರಲ್ಲಿ ಏನೂ ಕಾಣಬಾರದು. ಆ 'ಏನೂ ಇಲ್ಲ' ಎಂಬುದನ್ನು ತಯಾರಿಸುವವರು ವ್ಲಾಸ್ತಾ.

ಮೊದಲು ಅವರು ತಮ್ಮ ಊರಿನ ಡೇರಿಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಡೇರಿ ಮುಚ್ಚಿತು, ಇಲ್ಲಿಗೆ ಬಂದರು. ಬಂದ ಮೊದಲ ಚಳಿಗಾಲದಲ್ಲಿ ಅಣ್ಣ ಬೊಹುಮಿಲ್ ಮನೆಯಲ್ಲಿ ವರ್ಷದ ವಾಡಿಕೆಯಂತೆ ಹಂದಿ ಕಡಿದರು. ವ್ಲಾಸ್ತಾ ಇಡೀ ದಿನ ಕೊಬ್ಬು ಕಾಯಿಸುವ ಹಂಡೆಯ ಹತ್ತಿರ ನಿಂತು, ಸೋಮವಾರ ಕೆಲಸಕ್ಕೆ ಹಾಜರಾದರು.

"ಮೂರು ಸಲ ಮಿಂದಿದ್ದೆ. ಆದ್ರೂ ಕೂದ್ಲಿಂದ ಹೋಗಿರ್ಲಿಲ್ಲ. ಪರದೆ ಮೇಲೆ ಬೇಲಿ ಎದ್ದಿದ್ದೇ ಹುಡುಗ್ರು ಚಪ್ಪಾಳೆ ಹೊಡೆದ್ರು. ಆಮೇಲೆ ನೋಡಿದ್ರೆ ಅದು ಖಾಲಿ ಸೀಸೆ." ಸಂಶೋಧಕ ರಾದಿಮ್ ಈಗಲೂ ಅದನ್ನು ಬಿಟ್ಟಿಲ್ಲ. "ಎನ್ಸೆಲಾಡಸ್‌ನಲ್ಲಿ ಹಂದಿ ಇದೆ ಅಂತ ಮೊದಲು ಕಂಡುಹಿಡಿದಿದ್ದು ನಮ್ಮ ವ್ಲಾಸ್ತಕ್ಕ" ಎಂದು ಹೊಸಬರಿಗೆ ಪರಿಚಯಿಸುತ್ತಾರೆ.

ಅಂದಿನಿಂದ ಪರೀಕ್ಷೆಯ ದಿನಗಳಲ್ಲಿ ಅವರು ಹಂಡೆಯ ಹತ್ತಿರ ಸುಳಿಯುವುದಿಲ್ಲ. ಕೈಗೆ ಕ್ರೀಮು ಹಚ್ಚುವುದಿಲ್ಲ. ಜನವರಿಯ ಚಳಿಗೆ ಬೆರಳುಗಳು ಬಿರಿದು ರಕ್ತ ಒಸರುತ್ತದೆ.

ಈ ಸಲ ವಿಷಯ ಬಿಗಡಾಯಿಸಿತು. ಹಂಡೆ ತಿರುವುತ್ತಿದ್ದ ಅಮ್ಮ ಶರತ್ಕಾಲದಲ್ಲಿ ತೀರಿಕೊಂಡರು. ಕೊಬ್ಬು ತಿರುವುವ ಅವರ ಮರದ ಹುಟ್ಟು ಇನ್ನು ಮಗಳ ಕೈಗೆ ಬರಬೇಕು. ಬೊಹುಮಿಲ್ ತಾವೇ ತಂಗಿಯ ಮನೆಗೆ ಬಂದಾಗ ನಾನೂ ಅಡುಗೆಮನೆಯ ಮೇಜಿನ ಹತ್ತಿರ ಇದ್ದೆ.

"ಶನಿವಾರ ಹಂಡೆ ಇಡ್ತೀನಿ. ಅಮ್ಮನ ಹುಟ್ಟು ನಿಂದು."

"ಮಂಗಳವಾರ ದೊಡ್ಡ ಪರೀಕ್ಷೆ ಇದೆ ಅಣ್ಣ."

"ಹಂದೀನ ಕೇಳ್ದೆ. ಅದಕ್ಕೇನೂ ಪರೀಕ್ಷೆ ಇಲ್ವಂತೆ."

"ಒಂದು ವಾರ ತಡಿ."

"ಅಪ್ಪನ ಕಾಲದಿಂದ ಅದೇ ಶನಿವಾರ. ಕಟುಕನಿಗೆ ಹೇಳಾಗಿದೆ. ಯಾರೂ ಕಾಲಿಡದ ಚಂದ್ರನಿಗೋಸ್ಕರ ಅಮ್ಮನ ಹಂಡೆ ಬಿಡ್ತೀಯಾ?"

"ಬಿಡ್ತಾ ಇಲ್ಲ. ತಡಿ ಅಂತಿದೀನಿ."

"ಹುಟ್ಟು ಸೊಸೆಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ಬಾಗಿಲಿಗೆ ಬಂದು ಕೇಳ್ಬೇಡ."

ಪ್ಲಮ್ ಹಣ್ಣಿನ ಸಾರಾಯಿಯನ್ನು ಲೋಟದಲ್ಲೇ ಬಿಟ್ಟು ಅವರು ಎದ್ದುಹೋದರು. ಅವರು ಲೋಟದಲ್ಲಿ ಬಿಟ್ಟು ಎದ್ದಿದ್ದನ್ನು ಊರಿನಲ್ಲಿ ಈವರೆಗೆ ಯಾರೂ ಕಂಡಿರಲಿಲ್ಲ. ವ್ಲಾಸ್ತಾ ಲೋಟವನ್ನು ಹಾಗೇ ಮುಚ್ಚಿಟ್ಟರು.

ಮಂಗಳವಾರ ಹೊರದೇಶದ ತಂಡವೂ ಬಂದಿದೆ. ಖಾಲಿ ಸೀಸೆಯಲ್ಲಿ ಗೆರೆ ಎದ್ದರೆ ಪರೀಕ್ಷೆಯೇ ರದ್ದು. ಮತ್ತೆ ಸರದಿ ಬರಲು ವರ್ಷ ಬೇಕು.

"ವ್ಲಾಸ್ತಕ್ಕ, ಶನಿವಾರ ಎಲ್ಲಿದ್ರಿ?" ರಾದಿಮ್ ಮೆಲ್ಲಗೆ ಕೇಳುತ್ತಾರೆ.

"ಕಿಟಕಿ ಮುಚ್ಕೊಂಡು ಮನೇಲಿ. ಬಟಾಣಿ ಸೂಪು."

ಖಾಲಿ ಸೀಸೆ ಯಂತ್ರಕ್ಕೆ ಸೇರುತ್ತದೆ. ಪರದೆಯ ಮೇಲೆ ಗೆರೆ ಹೊರಡುತ್ತದೆ. ಹೆಪ್ಪುಗಟ್ಟಿದ ಮೀನಿನ ಕೊಳದ ಹಾಗೆ ಈ ದಡದಿಂದ ಆ ದಡದವರೆಗೆ ಸಪಾಟು.

"ಏನೂ ಇಲ್ಲ," ಎನ್ನುತ್ತಾರೆ ರಾದಿಮ್.

"ನನಗೆ ಸಂಬಳ ಕೊಡೋದು ಅದಕ್ಕೇ."

ಮುಂದಿನ ಸೀಸೆಯಲ್ಲಿ ಇಲ್ಲೇ ತಯಾರಿಸಿದ ಹಿಮದ ಜೊತೆ ಬೇಕೆಂದೇ ಲವಲೇಶ ಕೊಬ್ಬಿನಾಮ್ಲ ಬೆರೆಸಿದೆ. ಬೇಲಿಗೂಟಗಳು ಸ್ಪಷ್ಟವಾಗಿ ಏಳುತ್ತವೆ. ಎಲ್ಲರೂ ಅತ್ತ ಮುಗಿಬೀಳುವಾಗ ವ್ಲಾಸ್ತಾ ಖಾಲಿ ಸೀಸೆಯನ್ನು ಎತ್ತಿಕೊಂಡು ತೊಳೆಯಲು ಕೆಳಗೆ ಇಳಿಯುತ್ತಾರೆ.

ಸಂಜೆ ಊರಿನ ಬಸ್ ನಿಲ್ದಾಣದಲ್ಲಿ ಬೊಹುಮಿಲ್ ನಿಂತಿದ್ದಾರೆ. ಮುಖ ಇನ್ನೂ ಗಂಟು.

"ಹಂದಿ ಬದುಕಿದೆ. ಸೊಸೆಗೆ ಹುಟ್ಟು ಕೊಡೋಕೆ ಹೋದ್ರೆ, ಅದು ವ್ಲಾಸ್ತತ್ತೇದು, ನಾನು ಮುಟ್ಟಲ್ಲ ಅಂದ್ಲು. ಒಂದು ವಾರದ ಮೇವು ನಿನ್ನ ಚಂದ್ರನ ಲೆಕ್ಕಕ್ಕೆ."

"ನಿನ್ನ ಲೋಟ ಹಾಗೇ ಇದೆ, ಬಾ," ಎನ್ನುತ್ತಾರೆ ವ್ಲಾಸ್ತಾ.

ಅದೇ ವಾರದ ಶನಿವಾರ, ಬೊಹುಮಿಲ್ ಅವರ ಅಂಗಳ. ಬೆಳ್ಳುಳ್ಳಿಯ ಘಮ, ಹಂಡೆಯಿಂದ ಹಬೆ. ಮುಂದಿನ ವಾರಕ್ಕೆ ರಜೆ ಹಾಕಿ ಬಂದಿರುವ ವ್ಲಾಸ್ತಾ ಗವಸಿಲ್ಲದ ಕೈಯಲ್ಲಿ ಹುಟ್ಟು ಹಿಡಿದಿದ್ದಾರೆ. ಬಿರಿದ ಬೆರಳುಗಳು ಕೊಬ್ಬು ಮೆತ್ತಿ ಮಿರುಗುತ್ತಿವೆ. ಇನ್ನೇನು ಆಸೆ ಎಂದು ಕೇಳುತ್ತೇನೆ.

"ನೌಕೆ ಅಲ್ಲಿ ಸೇರೋ ಹೊತ್ತಿಗೆ ನಾನಿರಲ್ಲ ಬಿಡಿ. ಇರೋರು ಏನಾದ್ರೂ ಕಂಡ್ರೆ, ಮೊದಲು ಕೇಳೋದು ಇದು ಯಾರ ಕೈ ಜಿಡ್ಡು ಅಂತ. ಯಂತ್ರಕ್ಕೆ ಪಾಠ ಹೇಳಿದ್ದು ನನ್ನ ಸೀಸೆ. ವ್ಲಾಸ್ತಕ್ಕಂದಂತೂ ಅಲ್ಲ ಅಂತ ಯಾರಾದ್ರೂ ಹೇಳಿದ್ರೆ ಸಾಕು."

"ಮಾತು ಸಾಕು, ತಳ ಹಿಡಿಯತ್ತೆ," ಬೊಹುಮಿಲ್ ಹಿಂದಿನಿಂದ ಕೂಗುತ್ತಾರೆ.

ಜಿಡ್ಡಾದ ಎರಡೂ ಕೈಯಲ್ಲಿ ಅಮ್ಮನ ಹುಟ್ಟನ್ನು ಬಿಗಿಹಿಡಿದು ವ್ಲಾಸ್ತಾ ತಳದಿಂದ ತಿರುವತೊಡಗುತ್ತಾರೆ.