ಅಮ್ಮ ಶನಿಯನ್ನು ನೋಡಿದ ಸಂಜೆ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಪವಾಡದ ಮಾತೆತ್ತಿದರೆ ಮೊದಲು ನಗುತ್ತಿದ್ದವಳು ನಾನು. ಈಗಲೂ ಮಕ್ಕಳಿಗೆ, ಕಾರಣ ಹುಡುಕಿ ಎಂದೇ ಹೇಳುತ್ತೇನೆ. ಆದರೆ ಹೋದ ಚಳಿಗಾಲದ ಒಂದು ಸಂಜೆಗೆ ನನ್ನ ಬಳಿ ಕಾರಣವಿಲ್ಲ.

ಅಮ್ಮನಿಗೆ ಕಣ್ಣು ಕಾಣದೆ ಆಗ ಆರು ವರ್ಷವಾಗಿತ್ತು. ಬೂದಿಕೋಟೆ ಹತ್ತಿರದ ಊರಲ್ಲಿ ಎರಡು ಹಸು ಕಟ್ಟಿಕೊಂಡು ನನ್ನನ್ನು ಓದಿಸಿದವಳು. ಡೈರಿಗೆ ಹಾಲು ಹಾಕಲು ಹೋಗುವಾಗ ಎಡವುತ್ತಿದ್ದೇನೆ ಎಂದು ಒಂದೆರಡು ಸಲ ಫೋನಿನಲ್ಲಿ ಹೇಳಿದ್ದಳು. ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ನಾನು ಮುಂದೂಡಿದೆ. ಕಡೆಗೆ ಆಸ್ಪತ್ರೆಗೆ ಕರೆದೊಯ್ದಾಗ ಕಣ್ಣಿನ ಒತ್ತಡ ನರವನ್ನೇ ಹಾಳು ಮಾಡಿಬಿಟ್ಟಿತ್ತು. ಸ್ವಲ್ಪ ಮೊದಲೇ ಬರಬಾರದಿತ್ತೇ, ಹೋದ ದೃಷ್ಟಿ ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ನಾವು ಕೆಲವು ಹವ್ಯಾಸಿಗಳು ಸೇರಿ ಆಗಾಗ ಜನರಿಗೆ ಆಕಾಶ ತೋರಿಸುತ್ತೇವೆ. ಆ ಸಂಜೆ ಚಾಂಪಿಯನ್ ರೀಫ್ಸ್‌ನ ಒಂದು ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟಿದ್ದೆವು. ಸುತ್ತಲಿನ ಹಳೇ ಚಿನ್ನದ ಗಣಿ ಕಾರ್ಮಿಕರ ಮನೆಗಳಿಂದ ಮಕ್ಕಳು ಮರಿ ಸಮೇತ ಜನ ಬಂದಿದ್ದರು. ತೋರಿಸುವುದು ಶನಿಗ್ರಹ ಎಂದು ಗೊತ್ತಾಗಿದ್ದೇ ತಡ, ಕೆಲವರು ಚಪ್ಪಲಿ ಬಿಟ್ಟು ಸಾಲಿಗೆ ನಿಂತರು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅಮ್ಮನನ್ನೂ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದೆ.

ಏಳೂವರೆ ಇರಬೇಕು. ತಲೆಯೆತ್ತಿ ನೋಡುತ್ತೇನೆ, ಮುಂದಿನ ಹೆಂಗಸಿನ ಭುಜ ಹಿಡಿದು ಅಮ್ಮ ಸಾಲಿನಲ್ಲಿ ನಿಂತಿದ್ದಾಳೆ!

"ಅಮ್ಮಾ, ನೀನ್ಯಾಕೆ ಎದ್ದು ಬಂದೆ?"

"ಊರೋರ್ಗೆಲ್ಲ ತೋರಿಸ್ತೀಯ. ನಂಗೂ ಒಂದ್ ಸಲ ತೋರ್ಸೇ."

ಅವಳ ಹಿಂದಿದ್ದ ತಮಿಳು ಹೆಂಗಸು, "ಪಾವಂ, ಅಜ್ಜಿ ನೋಡ್ಲಿ ಬಿಡಿ ಮೇಡಂ," ಎಂದಳು. ಅಮ್ಮನ ತಲೆ ಹಿಡಿದು ಬಗ್ಗಿಸಿ, ಕಣ್ಣನ್ನು ಗಾಜಿನ ಹತ್ತಿರ ತಂದೆ. ಸುಳ್ಳೇಕೆ ಹೇಳಲಿ, ಅವಳ ಸಮಾಧಾನಕ್ಕೆಂದು ಹಾಗೆ ಮಾಡಿದೆ, ಅಷ್ಟೇ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. ಆಮೇಲೆ, "ಬಳೆ ಬಳೆ ಅಂತಿದ್ಯಲ್ಲೇ, ಎಲ್ಲೈತೆ ಬಳೆ? ಮಣೀಗೆ ಸೂಜಿ ಚುಚ್ಚಿದಂಗೈತೆ," ಎಂದಳು.

ಸುಮಾರು ಹದಿನೈದು ವರ್ಷಕ್ಕೊಮ್ಮೆ ಶನಿಯ ಬಳೆಗಳು ನಮ್ಮ ಕಡೆಗೆ ಬರೀ ಅಂಚು ತೋರಿಸುತ್ತವೆ. ಆಗ ಬಳೆ ಕಾಣುವುದಿಲ್ಲ, ತೆಳ್ಳನೆಯ ಗೆರೆ ಕಾಣುತ್ತದೆ. ಅದು ಅಂಥ ಚಳಿಗಾಲ.

"ಇನ್ನೇನು ಕಾಣ್ತೈತಮ್ಮಾ?"

"ಸೂಜಿ ಮೊನೆಯಿಂದಾಚೆ, ಅದೇ ಸಾಲ್ನಾಗೆ, ಒಂದ್ ಸಾಸ್ವೆ ಕಾಳು." ಎರಡೂ ಕೆನ್ನೆ ಮುಟ್ಟಿಕೊಂಡಳು. "ಎಷ್ಟ್ ಚೆಂದಾಗವ್ನೆ ಶನಿಮಾತ್ಮ!"

ಅವಳನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಇತ್ತು. ಶನಿಯ ದೊಡ್ಡ ಚಂದ್ರ. ಗಾಜಿನಿಂದ ಜಾರಿಹೋಗುವ ಗ್ರಹವನ್ನು ಮತ್ತೆ ಮತ್ತೆ ನಡುವಿಗೆ ತರುವ ಗಡಿಬಿಡಿಯಲ್ಲಿ ಅದನ್ನು ನಾನೇ ಗಮನಿಸಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

ಸೂಜಿಯ ಮಾತನ್ನು ಸಾಲಿನಲ್ಲಿ ಯಾರೋ ಆಡಿ ಅವಳ ಕಿವಿಗೆ ಬಿದ್ದಿರಬಹುದು. ಆ ಕಾಳು? ಅಮ್ಮನಿಗಿಂತ ಮುಂಚೆ ನೋಡಿದ್ದ ಹೆಂಗಸನ್ನು ಹುಡುಕಿ ಕೇಳಿದೆ. ತನಗೆ ಶನಿಯೊಂದೇ ಕಂಡದ್ದು, ಪಕ್ಕದಲ್ಲಿ ಬೇರೆ ಚುಕ್ಕಿ ಕಾಣಲಿಲ್ಲ ಎಂದಳು. ಆ ವಾರವೇ ಅಮ್ಮನನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಟಾರ್ಚ್ ಬಿಟ್ಟು ನೋಡಿ, ಬೆಳಕಿನ ಅರಿವೂ ಇಲ್ಲವಲ್ಲ ಎಂದರು. ಆಮೇಲೆ ಅಮ್ಮನಿಗೆ ಏನೂ ಕಂಡಿಲ್ಲ. ಇನ್ನೊಮ್ಮೆ ಬರುತ್ತೀಯಾ ಎಂದರೆ, ನೋಡಾಯ್ತಲ್ಲ ಅನ್ನುತ್ತಾಳೆ.

ಆ ಸಂಜೆ ಆಟೋದಲ್ಲಿ ವಾಪಸು ಬರುವಾಗ, ಅದು ಹೇಗೆ ಕಾಣಿಸಿತು ಎಂದು ಪೀಡಿಸಿದ್ದೆ. ಅವಳಿಗೆ ಬೇಸರವಾಯಿತು.

"ನೀನು ತೋರಿಸ್ದೆ, ನಾನು ನೋಡ್ದೆ. ಅದ್ರಾಗೇನೈತೆ?"

ಅದರಲ್ಲಿ ಏನಿದೆಯೋ ನನಗೆ ಇಂದಿಗೂ ತಿಳಿದಿಲ್ಲ. ನಾನು ಮುಂದೂಡುತ್ತಾ ಕಳೆದ ಕಾಲ ಮರಳಿ ಬರುವುದಿಲ್ಲ. ಆದರೂ ನನ್ನ ಅಮ್ಮನಿಗೆ ಒಂದನ್ನಾದರೂ ತೋರಿಸಲು ಅವಕಾಶ ಕೊಟ್ಟವರು ಯಾರೋ, ಅವರಿಗೆ ಕೈ ಮುಗಿಯಬೇಕೆನಿಸುತ್ತದೆ. ಯಾವ ಕಡೆ ತಿರುಗಿ ಮುಗಿಯಬೇಕೋ ತಿಳಿಯದೆ ಸುಮ್ಮನೆ ಕೈ ಜೋಡಿಸಿ ನಿಲ್ಲುತ್ತೇನೆ.