ತಪ್ಪಿನ ಚಹಾಕ್ಕೆ ಷೇರುಪೇಟೆಯ ತಕ್ಕಡಿ

ಮೊನ್ನೆ ಘೋಣಸಗಿಯ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನಿಂತು ಮೊಬೈಲು ನೋಡುತ್ತಿದ್ದೆ. ಆ ಶೆಡ್ಡು ನಡೆಸುವ ಒಣದ್ರಾಕ್ಷಿ ಕಂಪನಿಯ ಷೇರು ಕೆಂಪಗೆ ಜಾರುತ್ತಿತ್ತು. ತಲೆ ಎತ್ತಿದರೆ ಆಕಾಶ ಕಪ್ಪಗೆ! (ಎರಡೂ ಕಡೆ ಒಂದೇ ಸಲ. ನನ್ನ ನಸೀಬೇ ಹೀಗೆ.)

ಶೆಡ್ಡಿನ ಮ್ಯಾನೇಜರು ನನ್ನ ಹೆಂಡತಿಯ ತಂಗಿ ಸವಿತಾ. ಜೋರಾಪುರ ಪೇಟೆಯ ಮನೆಯಿಂದ ದಿನಾ ಸ್ಕೂಟರಿನಲ್ಲಿ ಬರುತ್ತಾಳೆ. ಆಕೆ ಒಂದು ಪದ್ಧತಿ ಹಾಕಿದ್ದಾಳೆ. ಸೋಮವಾರ ಕೆಲಸ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಚಹಾ ಕುಡಿಯಬೇಕು. ಕುಡಿಯುವ ಮೊದಲು ತಾನು ಮಾಡಿದ ಒಂದು ತಪ್ಪು ಹೇಳಬೇಕು. ಬೈಗುಳವಿಲ್ಲ, ಪಗಾರ ಕಡಿತವಿಲ್ಲ. ಆದರೆ ತಪ್ಪು ಹೇಳದವರಿಗೆ ಚಹಾ ಇಲ್ಲ. ಸವಿತಾಳಿಗೂ ಇಲ್ಲ!

ಈ ಚಹಾಕ್ಕೇ ಈಗ ಕುತ್ತು ಬಂದಿತ್ತು. ಬೆಂಗಳೂರಿನ ಹೆಡ್ ಆಫೀಸಿನ ಸಾಹೇಬರು ಬೆಳಿಗ್ಗೆ ಸವಿತಾಳಿಗೆ ಫೋನು ಮಾಡಿದ್ದರು. “ಚಹಾ ಮೀಟಿಂಗಿನಲ್ಲಿ ತಪ್ಪು ಹೇಳಿಕೊಂಡು ನಿಮ್ಮ ಜನ ಅಷ್ಟೊಂದು ಕಲಿತಿದ್ದರೆ ನಮ್ಮ ಷೇರು ಯಾಕೆ ಏರಿಲ್ಲ? ಸಂಜೆಯೊಳಗೆ ಉತ್ತರ ಕೊಡಿ. ಇಲ್ಲವಾದರೆ ಆ ಮೀಟಿಂಗು ಬಂದ್ ಮಾಡಿ.”

ನ್ಯಾಯದ ಪ್ರಶ್ನೆಯೇ ಅಲ್ಲವಾ? ನನಗಂತೂ ಹಾಗೇ ಅನಿಸಿತು. ಸವಿತಾ ಸಿಟ್ಟಾದಳು.

“ಹ್ವಾದ ವರ್ಷ ಮಳಿ ಬಂದಾಗ ಏನಾತು ಕೇಳ್ರಿಲ್ಲೆ. ನಮ್ಮ ಕೆಲಸದ ಗಂಗವ್ವ ಹೆದರಿ ನಾಲ್ಕೂ ಕಡೆ ತಾಡಪತ್ರಿ ಪರದೆ ಇಳಿಸಿಬಿಟ್ಟಳು. ಒಳಗ ಗಾಳಿ ಆಡಲಿಲ್ಲ. ಅರ್ಧ ಮಾಲು ಬೂಸ್ಟು ಹಿಡದು ಕಪ್ಪಾತು. ಅದ ವಾರ ಷೇರು ಏರಿತ್ತು. ಹೆಡ್ ಆಫೀಸಿನಿಂದ ನಮಗ ಪೇಢೆ ಬಂದಿದ್ವು!”

ಅಷ್ಟರಲ್ಲಿ ಮಳೆ ಸುರಿದೇಬಿಟ್ಟಿತು. ನಾನು ಗಾಬರಿಯಾಗಿ ಹತ್ತಿರದ ತಾಡಪತ್ರಿಯ ಹಗ್ಗಕ್ಕೆ ಕೈ ಹಾಕಿದೆ.

“ಬಿಡ್ರಿ ಯಪ್ಪಾ, ಆ ಕಡೆ ಬಿಡ್ರಿ! ಗಾಳಿ ಆಡಬೇಕು!”

ಕೂಗಿದವಳು ಯಾರು ಗೊತ್ತೇ? ಅದೇ ಗಂಗವ್ವ. ಮಳೆ ಹೊಡೆಯುವ ಕಡೆಯ ತಾಡಪತ್ರಿಗಳು ಸರಸರ ಇಳಿದವು. ಎದುರು ಕಡೆ ತೆರೆದೇ ಉಳಿಯಿತು. ಸವಿತಾ ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ನನ್ನ ಪಕ್ಕದಲ್ಲಿ, ತಾಡಪತ್ರಿ ಇಳಿಯದಂತೆ ಹಗ್ಗ ಬಿಗಿಯುತ್ತಿದ್ದವಳು ಶೋಭಾ. ಮಮದಾಪುರದ ಹುಡುಗಿ, ಮದುವೆಯಾಗಿ ಈ ಊರಿಗೆ ಬಂದದ್ದೇ ಈ ವರ್ಷ.

“ಹೋದ ವರ್ಷ ನೀನು ಇರಲೇ ಇಲ್ಲ. ಈ ಕಡೆ ತೆರೆದಿಡಬೇಕೆಂದು ನಿನಗೆ ಹೇಗೆ ಗೊತ್ತು?” ಅಂದೆ.

“ಗಂಗವ್ವ ಚಹಾಕ್ಕ ಕುಂತಾಗ ಹೇಳ್ಯಾಳಲ್ರಿ.” ನಕ್ಕು ಗಂಟು ಹಾಕಿದಳು.

ಭಲೇ! ಒಬ್ಬಳ ತಪ್ಪಿನ ಪಾಠ, ಆ ತಪ್ಪನ್ನು ಕಣ್ಣಿನಿಂದ ನೋಡದವಳ ಕೈಗೂ ಬಂದಿದೆ. ಸಂಸ್ಥೆಯೊಂದು ಕಲಿಯುವುದು ಎಂದರೆ ಇನ್ನೇನು? ಮೊಬೈಲಿನಲ್ಲಿ ಷೇರು ಇನ್ನೂ ಇಳಿದಿತ್ತು. ಹೊರದೇಶದಲ್ಲಿ ಯಾರೋ ಏನೋ ಹೇಳಿದ್ದರಂತೆ. ಅದಕ್ಕೂ ಶೋಭಾಳ ಗಂಟಿಗೂ ಏನು ಸಂಬಂಧ ಸ್ವಾಮಿ? (ಕಲಿತದ್ದು ಎಂದಾದರೂ ಷೇರಿನಲ್ಲಿ ಕಾಣಲೂಬಹುದು. ಆದರೆ ಬೇರೆ ನೂರು ಸಂಗತಿಗಳ ಜೊತೆ ಕಲಸಿಹೋಗಿ.) ಕೆಡದೆ ಉಳಿದ ಮಾಲಿಗೆ ಪೇಢೆ ಕಳಿಸಿದವರನ್ನು ನಾನಂತೂ ಕಂಡಿಲ್ಲ.

ಸಂಜೆ ಸವಿತಾ ಸ್ಪೀಕರ್ ಹಾಕಿಯೇ ಸಾಹೇಬರಿಗೆ ಎಲ್ಲ ಹೇಳಿದಳು. ಪೇಢೆಯನ್ನೂ ಬಿಡಲಿಲ್ಲ. ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಸರಿ, ಬಂದ್ ಮಾಡುವುದು ಬೇಡ. ಸೋಮವಾರ ನಾನೇ ಬಂದು ಕೂರುತ್ತೇನೆ,” ಎಂದರು.

“ಬರ್ರಿ ಸರ್, ಬರ್ರಿ. ಪದ್ಧತಿ ಮಾತ್ರ ಎಲ್ಲಾರಿಗೂ ಒಂದೇ ನೋಡ್ರಿ.”

ಸೋಮವಾರ ಸಾಹೇಬರಿಗೆ ಚಹಾ ಸಿಗುತ್ತದಾ?